ಅಳತೆ ಸರಿ, ಮೇಜು ಸೊಟ್ಟ

ಎರಡೂ ಬದಿಗೆ ಬೆಂಚು ಕೂಡಿಕೊಂಡಿರುವ ಮರದ ಮೇಜನ್ನು ಉದ್ಯಾನಗಳಲ್ಲಿ ನೋಡಿರುತ್ತೇವೆ. ಅದರ ಪುಟ್ಟ ರೂಪವನ್ನು ಮನೆಯಲ್ಲೇ ಮಾಡಬಹುದು. ಎಂಟನೆಯ ತರಗತಿಯ ಚತುರ್ಭುಜಗಳ ಪಾಠಕ್ಕೆ ಅದು ಒಳ್ಳೆಯ ಬೋಧನೋಪಕರಣವೂ ಹೌದು. ಗರಗಸದ ಕೆಲಸವನ್ನು ಮನೆಯಲ್ಲಿ ಮುಗಿಸಿ, ಅಳೆಯುವ ಮತ್ತು ಜೋಡಿಸುವ ಕೆಲಸವನ್ನು ನನ್ನ ಅಭ್ಯಾಸ ಪಾಠಕ್ಕೆ ಉಳಿಸಿಕೊಂಡೆ. ಮೇಜು ಅದೇ ಶಾಲೆಯ ನಲಿ-ಕಲಿ ಮಕ್ಕಳಿಗೆಂದು ಮೊದಲೇ ಹೇಳಿದ್ದೆ.

ಮೇಲ್ಭಾಗದ ಉದ್ದ 80 ಸೆಂ.ಮೀ., ಅಗಲ 60 ಸೆಂ.ಮೀ. ಐದು ಹಲಗೆಗಳ ನಡುವೆ 1 ಸೆಂ.ಮೀ. ಸಂದು. ಮಳೆನೀರು ಇಳಿಯಲು, ತೇವಕ್ಕೆ ಮರ ಉಬ್ಬಲು ಈ ಸಂದು ಬೇಕು. ಒಂದು ಹಲಗೆಯ ಅಗಲವೆಷ್ಟು? ಕೆಲವರು ಐದು ಸಂದು ಎಂದು ಎಣಿಸಿದರು. ಹಲಗೆಗಳನ್ನು ನೆಲದ ಮೇಲೆ ಹರಡಿದಾಗ ನಾಲ್ಕೇ ಕಂಡವು. 60ರಲ್ಲಿ 4 ಕಳೆದು 5ರಿಂದ ಭಾಗಿಸಿ, 11.2 ಸೆಂ.ಮೀ. ಎಂದು ತಾವೇ ತಿದ್ದಿಕೊಂಡರು.

ಹಲಗೆಗಳ ಅಡಿಗೆ ಎರಡು ಅಡ್ಡಪಟ್ಟಿ ಇಟ್ಟು, ಸ್ಕ್ರೂಗಳನ್ನು ಸಡಿಲವಾಗಿ ಹಾಕಿದೆವು. ನಾಲ್ಕೂ ಬದಿಯ ಅಳತೆ ಸರಿಯಿತ್ತು. ಆದರೂ ಮೇಜು ಸೊಟ್ಟಗಿತ್ತು. ಒಂದು ಕರ್ಣ 101, ಇನ್ನೊಂದು 99 ಸೆಂ.ಮೀ. ಅದು ಆಯತವಲ್ಲ, ಸಮಾಂತರ ಚತುರ್ಭುಜ. ನಾನು ಕೂಡಲೇ ಉದ್ದ ಕರ್ಣದ ಎರಡು ತುದಿಗಳನ್ನು ಒಳಕ್ಕೆ ಒತ್ತಿ ಸರಿಪಡಿಸಿದೆ. ಮಾರ್ಗದರ್ಶಕರು ಅವಲೋಕನದಲ್ಲಿ ಬರೆದದ್ದು ಒಂದೇ ಮಾತು: ತಪ್ಪು ಕಂಡದ್ದು ನಿಮಗೆ, ಮಕ್ಕಳಿಗಲ್ಲ.

ಮರುದಿನ ಸ್ಕ್ರೂ ಸಡಿಲಿಸಿ, ಚೌಕಟ್ಟನ್ನು ಮತ್ತೆ ಸೊಟ್ಟಗೆ ಮಾಡಿ, ಟೇಪನ್ನು ಮಕ್ಕಳ ಕೈಗೆ ಕೊಟ್ಟು ಸುಮ್ಮನೆ ನಿಂತೆ. ಬದಿಗಳನ್ನೇ ಮೂರು ಸಲ ಅಳೆದರು. ಕೊನೆಗೆ ಒಬ್ಬ ಹುಡುಗಿ ಮೂಲೆಯಿಂದ ಮೂಲೆಗೆ ಟೇಪು ಹಿಡಿದಳು. ಎರಡೂ ಕರ್ಣ 100 ಸೆಂ.ಮೀ. ಆಗುವವರೆಗೆ ಚೌಕಟ್ಟನ್ನು ಒತ್ತಿದರು. 60ರ ವರ್ಗ 3600, 80ರ ವರ್ಗ 6400, ಕೂಡಿದರೆ 100ರ ವರ್ಗ. ಈ ಲೆಕ್ಕವನ್ನು ಕಪ್ಪುಹಲಗೆಗೆ ತಂದದ್ದು ಆಮೇಲೆ.

ಮೇಜಿನ ಎತ್ತರ 50, ಬೆಂಚಿನ ಎತ್ತರ 28 ಸೆಂ.ಮೀ. ಎರಡೂ ತುದಿಯಲ್ಲಿ ಒಂದೊಂದು ಜೊತೆ ಓರೆ ಕಾಲು. ಕಾಲುಗಳಿಗೆ ಅಡ್ಡಲಾಗಿ ಹಾಯುವ ಉದ್ದಪಟ್ಟಿಯ ತುದಿಗಳ ಮೇಲೆ ಬೆಂಚು ಕೂರುತ್ತದೆ. ಪ್ರತಿ ಕೂಡಿಕೆಗೆ ಎರಡು ಬೋಲ್ಟು ಬೇಕು. ಒಂದೇ ಆದರೆ ಪಟ್ಟಿ ಅದರ ಸುತ್ತ ತಿರುಗುತ್ತದೆ. ಉದ್ದುದ್ದಕ್ಕೆ ಅಲುಗಾಡದಂತೆ ಮೇಲ್ಭಾಗದ ನಡುವಿನಿಂದ ಎರಡೂ ಉದ್ದಪಟ್ಟಿಗಳಿಗೆ ಓರೆಯಾಗಿ ಆಸರೆಪಟ್ಟಿ ಕೊಡಬೇಕು. ಬದಿಗಳ ಉದ್ದ ಬದಲಾಗದೆ ಚತುರ್ಭುಜ ವಾಲಬಲ್ಲದು, ತ್ರಿಭುಜ ವಾಲದು. ನಾಲ್ಕು ರಟ್ಟಿನ ಪಟ್ಟಿಗಳನ್ನು ಗುಂಡುಪಿನ್ನಿನಿಂದ ಜೋಡಿಸಿ ಇದನ್ನು ಮೊದಲೇ ತೋರಿಸಬಹುದು.

ಪಾಠಯೋಜನೆಯಲ್ಲಿ ಎರಡು ಅವಧಿ ಇಟ್ಟುಕೊಳ್ಳಿ. ಮಕ್ಕಳು ತಪ್ಪು ಹುಡುಕುವ ಹೊತ್ತನ್ನೂ ಅದರಲ್ಲಿ ಲೆಕ್ಕ ಹಿಡಿಯಿರಿ. ಅಂಚುಗಳನ್ನು ಮರಳು ಕಾಗದದಿಂದ ಉಜ್ಜಿ. ಕಾಲಿನ ಬುಡ ಬೆಂಚಿನ ಅಡಿಯವರೆಗೂ ಚಾಚಿರದಿದ್ದರೆ, ಒಂದೇ ಬದಿಯಲ್ಲಿ ಕೂತಾಗ ಮೇಜು ಮಗುಚುತ್ತದೆ. ಆದ್ದರಿಂದ ಪುಟ್ಟ ಮಕ್ಕಳನ್ನು ಕೂರಿಸುವ ಮೊದಲು ಒಂದು ಬದಿಯಲ್ಲಿ ನಾವೇ ಕೂತು ನೋಡಬೇಕು.