ಕಪ್ಪು ಚೌಕ ಮೂಡಿದರೆ ಪರದೆ ಕೆಟ್ಟಿಲ್ಲ

ಕೇರಳದ ಪ್ರೌಢಶಾಲೆಗಳಿಗೆ ಆರ್ಡ್ವಿನೋ ಒಳಗೊಂಡ ರೋಬೋಟಿಕ್ ಕಿಟ್‌ಗಳ ವಿತರಣೆಯನ್ನು ಸರಕಾರದ ಕೈಟ್ ಸಂಸ್ಥೆ 2022ರಲ್ಲಿ ಆರಂಭಿಸಿತು. ಆರ್ಡ್ವಿನೋ ಕೈಗೆ ಬಂದ ಮಕ್ಕಳು ಬಲ್ಬ್ ಮಿನುಗಿಸುವುದನ್ನು ಕಲಿತ ಮೇಲೆ ಸಾಮಾನ್ಯವಾಗಿ ಬಯಸುವುದು ಅಕ್ಷರ ತೋರಿಸುವ ಪುಟ್ಟ ಎಲ್‌ಸಿಡಿ ಪರದೆಯನ್ನು. ಟ್ಯಾಂಕಿಯಲ್ಲಿ ನೀರೆಷ್ಟಿದೆ, ಕೋಣೆಯ ಉಷ್ಣಾಂಶವೆಷ್ಟು ಎಂಬುದನ್ನು ಎರಡು ಸಾಲಿನಲ್ಲಿ ತೋರಿಸುವ ಪರದೆ ಅದು. ಆದರೆ ಜೋಡಿಸಿದ ಮೊದಲ ದಿನವೇ ಅದು ಕೆಲಸ ಮಾಡುವುದು ಅಪರೂಪ. ಬೆಳಕು ಹೊತ್ತುತ್ತದೆ, ಅಕ್ಷರ ಮಾತ್ರ ಮೂಡುವುದಿಲ್ಲ. ‘ಪೀಸ್ ಹೋಗಿದೆ’ ಎಂದು ಮೂಲೆಗೆ ಎಸೆಯುವವರೇ ಹೆಚ್ಚು. ಹಾಗೆ ಎಸೆದ ಪರದೆಗಳಲ್ಲಿ ಬಹುಪಾಲು ಕೆಟ್ಟಿರುವುದೇ ಇಲ್ಲ.

ಒಳಗಿನ ಗುಮಾಸ್ತ

ಒಂದು ಸಾಲಿಗೆ 16 ಅಕ್ಷರದಂತೆ ಎರಡು ಸಾಲು ಇರುವ ಈ ಪರದೆಯ ಬೆನ್ನಿಗೆ ಒಂದು ನಿಯಂತ್ರಕ ಚಿಪ್ ಅಂಟಿಕೊಂಡಿರುತ್ತದೆ. 1980ರ ದಶಕದಲ್ಲಿ ಜಪಾನಿನ ಹಿಟಾಚಿ ಕಂಪೆನಿ ರೂಪಿಸಿದ ಎಚ್‌ಡಿ44780 ಎಂಬ ಚಿಪ್ಪಿನ ಪದ್ಧತಿಯನ್ನೇ ಇಂದಿಗೂ ಇಂತಹ ಪರದೆಗಳು ಅನುಸರಿಸುತ್ತವೆ. ಆರ್ಡ್ವಿನೋ ಚಿತ್ರ ಬಿಡಿಸಬೇಕಾಗಿಲ್ಲ. ಯಾವ ಅಕ್ಷರ ಎಂಬ ಸಂಖ್ಯೆಯನ್ನು ಕಳುಹಿಸಿದರೆ ಸಾಕು, ಚುಕ್ಕಿ ಹೊತ್ತಿಸುವ ಕೆಲಸ ಈ ಚಿಪ್ಪಿನದ್ದು.

ಪರದೆಗೆ 16 ಕಾಲುಗಳು. ಮೊದಲನೆಯದು ಗ್ರೌಂಡ್, ಎರಡನೆಯದು 5 ವೋಲ್ಟ್. ಇವೆರಡು ಅದಲುಬದಲಾದರೆ ಪರದೆ ನಿಜವಾಗಿಯೂ ಸುಟ್ಟುಹೋದೀತು. ಆದ್ದರಿಂದ ಯುಎಸ್‌ಬಿ ಕಿತ್ತ ಮೇಲೆಯೇ ವಯರಿಗೆ ಕೈ ಹಾಕಬೇಕು. ಮೂರನೆಯದು ಅಕ್ಷರದ ಗಾಢತೆಗೆ. ನಾಲ್ಕನೆಯ ಕಾಲಾದ ಆರ್‌ಎಸ್, ಬಂದದ್ದು ಆಜ್ಞೆಯೋ ಅಕ್ಷರವೋ ಎಂದು ತಿಳಿಸುತ್ತದೆ. ಐದನೆಯದನ್ನು ಗ್ರೌಂಡಿಗೆ ಕೊಟ್ಟುಬಿಡಬೇಕು. ಗಾಳಿಯಲ್ಲಿ ಬಿಟ್ಟರೆ ಪರದೆ ಗೊಂದಲಕ್ಕೆ ಬೀಳುತ್ತದೆ. ಆರನೆಯದು ‘ಈಗ ತೆಗೆದುಕೋ’ ಎಂದು ಬಾರಿಸುವ ಗಂಟೆ. 7ರಿಂದ 14ರವರೆಗೆ ಮಾಹಿತಿಯ ಎಂಟು ದಾರಿ, 15 ಮತ್ತು 16 ಹಿಂಬದಿಯ ಬೆಳಕಿಗೆ.

ಎಂಟು ದಾರಿಯಲ್ಲಿ ಕೊನೆಯ ನಾಲ್ಕನ್ನು ಜೋಡಿಸಿದರೆ ಸಾಕು. ಎಂಟು ಆಳು ಒಮ್ಮೆಗೆ ಹೊರುವ ಹೊರೆಯನ್ನು ನಾಲ್ಕು ಆಳು ಎರಡು ಸಲ ಹೊತ್ತಂತೆ. ಆರ್ಡ್ವಿನೋ ಜೊತೆಗೆ ಸಿಗುವ ‘ಹಲೋ ವರ್ಲ್ಡ್’ ಮಾದರಿಯಲ್ಲಿ ಆರ್‌ಎಸ್ 12ಕ್ಕೆ, ಗಂಟೆಯ ಕಾಲು 11ಕ್ಕೆ, ಮಾಹಿತಿಯ 11, 12, 13, 14ನೇ ಕಾಲುಗಳು ಕ್ರಮವಾಗಿ 5, 4, 3, 2ಕ್ಕೆ ಹೋಗುತ್ತವೆ.

ಪರದೆ ಹೇಳುವ ಲಕ್ಷಣ

ಬೆಳಕಿದೆ, ಏನೂ ಕಾಣುತ್ತಿಲ್ಲ ಎಂದಾದರೆ ಮೊದಲು ಮೂರನೆಯ ಕಾಲನ್ನು ನೋಡಬೇಕು. ಅದಕ್ಕೆ 10 ಕಿಲೋ ಓಮ್‌ನ ತಿರುಗಿಸುವ ರೆಸಿಸ್ಟರಿನ ನಡುವಿನ ಕಾಲು ಸೇರಬೇಕು. ಉಳಿದೆರಡು ಕಾಲು 5 ವೋಲ್ಟಿಗೂ ಗ್ರೌಂಡಿಗೂ ಹೋಗಬೇಕು. ನಿಧಾನವಾಗಿ ತಿರುಗಿಸುತ್ತಾ ಹೋದರೆ ಸಾಮಾನ್ಯವಾಗಿ ಗ್ರೌಂಡ್ ಕಡೆಯ ತುದಿಯ ಹತ್ತಿರ ಅಕ್ಷರ ಮೂಡುತ್ತದೆ.

ಮೇಲಿನ ಸಾಲಿನಲ್ಲಿ 16 ಕಪ್ಪು ಚೌಕ ಮೂಡಿ ಹಾಗೇ ನಿಂತರೆ ಅದು ಶುಭ ಸೂಚನೆ. ವಿದ್ಯುತ್ ತಲುಪಿದೆ, ಗಾಢತೆಯೂ ಸರಿಯಿದೆ. ಆಜ್ಞೆ ಮಾತ್ರ ತಲುಪಿಲ್ಲ ಎಂದರ್ಥ. ಪ್ರೋಗ್ರಾಮಿನಲ್ಲಿ ಬರೆದ ಸಂಖ್ಯೆಗೂ ವಯರಿಗೂ ತಾಳೆಯಾಗುತ್ತಿದೆಯೇ, ‘ಬಿಗಿನ್’ ಆಜ್ಞೆಯಲ್ಲಿ 16 ಮತ್ತು 2 ಎಂದು ಕೊಟ್ಟಿದೆಯೇ ಎಂದು ನೋಡಬೇಕು.

ಏನೇನೋ ಚಿಹ್ನೆ ಬಂದರೆ, ಮುಟ್ಟಿದಾಗ ಸರಿಯಾಗಿ ಬಿಟ್ಟಾಗ ಹಾಳಾದರೆ, ದೋಷ ಬೆಸುಗೆಯದ್ದು. ಅನೇಕ ಪರದೆಗಳು ಕಾಲು ಬೆಸೆಯದೆಯೇ ಬರುತ್ತವೆ. ರಂಧ್ರಕ್ಕೆ ಸುಮ್ಮನೆ ತುರುಕಿದ ಕಾಲು ಸಂಪರ್ಕ ಕೊಡುವುದಿಲ್ಲ, ಹದಿನಾರನ್ನೂ ಬೆಸೆಯಲೇಬೇಕು.

ಇಷ್ಟು ವಯರು ಬೇಡ ಎನ್ನುವವರಿಗೆ ಐ2ಸಿ ಎಂಬ ಬೆನ್ನುಹಲಗೆ ಅಂಟಿಸಿದ ಪರದೆಯಿದೆ. ಅದಕ್ಕೆ ನಾಲ್ಕೇ ವಯರು. ಆದರೆ ಅದರ ಲೈಬ್ರರಿ ಬೇರೆ, ವಿಳಾಸವನ್ನೂ ಸರಿಯಾಗಿ ಕೊಡಬೇಕು.

ಕನ್ನಡ ಎಲ್ಲಿ?

ಇಂಗ್ಲಿಷ್ ಮೂಡಿದ ಮೇಲೆ ಗಡಿನಾಡಿನ ಮಗು ಕೇಳುವ ಮುಂದಿನ ಪ್ರಶ್ನೆ ಸಹಜವಾದದ್ದು: ಇದರಲ್ಲಿ ಕನ್ನಡ ಬರುತ್ತದೆಯೇ? ಪ್ರೋಗ್ರಾಮಿನಲ್ಲಿ ನೇರವಾಗಿ ‘ನ’ ಎಂದು ಬರೆದರೆ ಸಾಮಾನ್ಯ ಪರದೆಯಲ್ಲಿ ಬರುವುದು ಗ್ರೀಕಿನ ಆಲ್ಫಾ, ಅದರ ಬೆನ್ನಿಗೆ ಎರಡು ಜಪಾನಿ ಅಕ್ಷರ. ಕಂಪ್ಯೂಟರ್ ‘ನ’ವನ್ನು ಮೂರು ಸಂಖ್ಯೆಗಳಾಗಿ ಕಳುಹಿಸುತ್ತದೆ. ಚಿಪ್ಪು ತನ್ನ ಪಟ್ಟಿಯಲ್ಲಿ ಆ ಮೂರಕ್ಕೂ ಇರುವುದನ್ನು ತೋರಿಸುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿಲ್ಲ. ಮಲಯಾಳ, ತಮಿಳು, ತೆಲುಗು, ಮರಾಠಿಗೂ ಅದೇ ಗತಿ.

ಆದರೆ ಚಿಪ್ಪಿನಲ್ಲಿ ಎಂಟು ಖಾಲಿ ಮನೆಗಳಿವೆ. ಒಂದೊಂದು ಮನೆ ಐದು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರ. ಅದರಲ್ಲಿ ಬೇಕಾದ ಆಕಾರ ತುಂಬಬಹುದು. ಐದು ಚುಕ್ಕಿಯಲ್ಲಿ ಕನ್ನಡದ ಗುಣಿತಾಕ್ಷರ ಹಿಡಿಸುವುದು ಕಷ್ಟ. ಅಕ್ಷರಕ್ಕೆ ಎರಡು ಮನೆ ಬಿಟ್ಟರೆ ಎಂಟು ಮನೆಗೆ ನಾಲ್ಕು ಅಕ್ಷರ. ಟ್ಯಾಂಕಿಗೆ ಬೇಕಾದ ‘ನೀರು ಖಾಲಿ’ ಎಂಬುದು ಸರಿಯಾಗಿ ನಾಲ್ಕೇ ಅಕ್ಷರ, ಒತ್ತಕ್ಷರದ ತೊಡಕೂ ಇಲ್ಲ!

ಮೊದಲು ಗ್ರಾಫ್ ಕಾಗದದಲ್ಲಿ ಅಕ್ಷರ ಬಿಡಿಸಬೇಕು. ತುಂಬಿದ ಚೌಕಕ್ಕೆ 1, ಖಾಲಿಗೆ 0 ಎಂದು ಸಾಲುಸಾಲಾಗಿ ಬರೆದು ‘ಕ್ರಿಯೇಟ್‌ಕ್ಯಾರ್’ ಆಜ್ಞೆಗೆ ಕೊಡಬೇಕು. ಬಳಿಕ ‘ಸೆಟ್‌ಕರ್ಸರ್’ ಕೊಟ್ಟೇ ಮುಂದುವರಿಯಬೇಕು, ಮರೆತರೆ ಬರೆದದ್ದು ಪರದೆಗೆ ಬಾರದು. ಕರೆಂಟು ಹೋದರೆ ಮನೆಗಳು ಬರಿದಾಗುವುದರಿಂದ ಈ ಸಾಲುಗಳು ಪ್ರೋಗ್ರಾಮಿನ ಆರಂಭದಲ್ಲೇ ಇರಬೇಕು. ನೀರು ತುಂಬಿದಾಗ ಅದೇ ಮನೆಗಳಿಗೆ ಬೇರೆ ಅಕ್ಷರ ತುಂಬಲೂ ಬರುತ್ತದೆ.

ಎರಡು ಮನೆಯ ನಡುವೆ ಸಣ್ಣ ಗೆರೆಯಷ್ಟು ಜಾಗ ಖಾಲಿ ಉಳಿಯುವುದರಿಂದ ಅಕ್ಷರ ಮುದ್ರಣದಷ್ಟು ಚೆಂದ ಕಾಣಲಾರದು. ಆದರೂ ಇಂಗ್ಲಿಷ್ ಓದಲಾರದ ಅಜ್ಜಿ ಪಂಪಿನ ಸ್ವಿಚ್ ಹಾಕಬೇಕೇ ಬೇಡವೇ ಎಂದು ಮೊಮ್ಮಗನನ್ನು ಕೇಳದೆ ತಾನೇ ತಿಳಿಯಬಹುದು. ಒಂದು ಸಂಜೆ ಗ್ರಾಫ್ ಕಾಗದದ ಮುಂದೆ ಕೂರಲು ಅಷ್ಟು ಕಾರಣ ಸಾಕು.