ಕೊನೆಯ ಸಾಲಿಗೆ ಕೇಳಬೇಕು

ಸಂಗೀತ ಕಚೇರಿಗೆ ತಡವಾಗಿ ಹೋದವನಿಗೆ ದೊರೆಯುವುದು ಕೊನೆಯ ಸಾಲು. ಮನೆಯಲ್ಲಿ ಅಡಿಗೆ ಮುಗಿಸಿ, ಮಕ್ಕಳಿಗೆ ಬಡಿಸಿ, ಹೆರಳನ್ನು ಸರಿಮಾಡಿಕೊಂಡು, ಬಸ್ಸು ಹಿಡಿದು ಬರುವ ಗೃಹಿಣಿಗೆ ದೊರೆಯುವುದೂ ಅದೇ ಸಾಲು. ಮುಂದಿನ ಸೋಫಾಗಳಲ್ಲಿ ಆಸೀನರಾದ ಗಣ್ಯರು ವಿದ್ವಾಂಸರ ಜರಿಯಂಚನ್ನೂ ಉಂಗುರವನ್ನೂ ನೋಡುತ್ತಿರಬಹುದು; ಹಿಂದೆ ಕುಳಿತವರಿಗೆ ಅದಾವುದೂ ಬೇಕಾಗಿಲ್ಲ. ಅವರಿಗೆ ಹಾಡು ಕೇಳಿಸಿದರೆ ಸಾಕು. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಎದ್ದ ಸಭಾಂಗಣಗಳ ಚರಿತ್ರೆಯನ್ನು ಉದ್ಘಾಟಕರ ಕಲ್ಲುಫಲಕಗಳಿಂದ ಓದುವುದು ವಾಡಿಕೆ. ಅದನ್ನು ಹಿಂದಿನಿಂದ, ಎಂದರೆ ಕೊನೆಯ ಸಾಲಿನಿಂದ ಓದಿದರೆ ಬೇರೆಯೇ ಕಥೆ ಕಾಣುತ್ತದೆ.

ಧ್ವನಿವರ್ಧಕವು ಬರುವುದಕ್ಕೆ ಮುಂಚೆ ದೊಡ್ಡ ಸಭೆಯೆಂದರೆ ಕಲಾವಿದನಿಗೆ ದೇಹದಂಡನೆಯೇ ಸರಿ. ಕಂಪನಿ ನಾಟಕದ ರಾಜಪಾತ್ರಧಾರಿಗೆ ಮೊದಲು ಬೇಕಾಗಿದ್ದುದು ಹಿಂದಿನ ಚಾಪೆಯವರೆಗೆ ಹೋಗುವ ಕಂಠ; ಅಭಿನಯ ಆಮೇಲಿನ ಮಾತು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯು ವೀರಣ್ಣನವರ ಕಾಲದಲ್ಲಿ ‘ಕುರುಕ್ಷೇತ್ರ’ಕ್ಕಾಗಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು ಬೆಂಗಳೂರನ್ನು ಬೆರಗುಗೊಳಿಸಿತೆಂಬುದನ್ನು ಹಿರಿಯರು ಹೇಳುತ್ತಿದ್ದರು. ಆನೆಯನ್ನು ಕಾಣಲು ಕೊನೆಯ ಸಾಲಿನವನಿಗೆ ಏನೂ ತೊಂದರೆಯಿರಲಿಲ್ಲ. ಆದರೆ ಪಿಟೀಲಿನ ಗತಿಯೇನು?

ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ತಿರುಮಕೂಡಲಿನ ಟಿ. ಚೌಡಯ್ಯನವರು. ೧೮೯೫ರಲ್ಲಿ ಜನಿಸಿದ ಇವರು ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರಲ್ಲಿ ಶಿಷ್ಯವೃತ್ತಿ ಮಾಡಿ, ಗುರುಗಳ ಗಾಯನಕ್ಕೆ ಪಕ್ಕವಾದ್ಯ ನುಡಿಸುತ್ತಿದ್ದರು. ಕಮಾನನ್ನು ಎಷ್ಟು ಒತ್ತಿ ಎಳೆದರೂ ನಾಲ್ಕು ತಂತಿಯ ಪಿಟೀಲಿನ ನಾದವು ಸಭೆಯ ಹಿಂಬದಿಗೆ ತಲಪುವುದಿಲ್ಲವೆಂಬ ಕೊರಗು ಅವರನ್ನು ಕಾಡಿತು. ೧೯೨೦ರ ದಶಕದಲ್ಲಿ ಅವರು ಕಂಡುಕೊಂಡ ಪರಿಹಾರವು ಬಹು ಸರಳ, ಬಹು ಸಾಹಸದ್ದು: ನಾಲ್ಕರಲ್ಲಿ ಮೂರು ತಂತಿಗಳಿಗೆ ಒಂದೊಂದು ಜೊತೆತಂತಿಯನ್ನು ಬಿಗಿದು, ಏಳು ತಂತಿಗಳ ಪಿಟೀಲನ್ನು ಸಿದ್ಧಪಡಿಸಿದರು. ಒಂದೇ ಬೆರಳು ಎರಡು ತಂತಿಗಳನ್ನು ಒಟ್ಟಿಗೆ ಒತ್ತಬೇಕು. ಎರಡೂ ಶ್ರುತಿಯಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ತಪ್ಪಿದರೆ ಅಪಸ್ವರವೂ ಇಮ್ಮಡಿ! ಸಂಪ್ರದಾಯಸ್ಥರು ಮೂಗು ಮುರಿದರಂತೆ. ಹಿಂದೆ ಕುಳಿತವರು ಮುರಿದಿರಲಾರರು.

ವಿನೋದವೇನೆಂದರೆ, ಅಷ್ಟರಲ್ಲಿಯೇ ಮೈಕು ಬಂದುಬಿಟ್ಟಿತು. ೧೯೩೦ರ ದಶಕದಲ್ಲಿ ದಕ್ಷಿಣದ ಸಭೆಗಳಲ್ಲಿ ಒಂದೊಂದಾಗಿ ಕಾಣಿಸಿಕೊಂಡ ಈ ಯಂತ್ರವು ಕೊನೆಯ ಸಾಲಿಗೆ ಹೇಗೆ ಕೇಳಿಸಬೇಕೆಂಬ ಪ್ರಶ್ನೆಯನ್ನು ಬಿಡಿಸಿದ್ದಲ್ಲದೆ, ಕೊನೆಯ ಸಾಲು ಎಲ್ಲಿಯವರೆಗೆ ಇರಬಹುದೆಂಬ ಹೊಸ ಪ್ರಶ್ನೆಯನ್ನೂ ಎಬ್ಬಿಸಿತು. ಅದಕ್ಕೆ ಉತ್ತರ ದೊರೆತದ್ದು ಚಾಮರಾಜಪೇಟೆಯಲ್ಲಿ.

೧೯೩೯ರಲ್ಲಿ ಎಸ್. ವಿ. ನಾರಾಯಣಸ್ವಾಮಿರಾಯರೆಂಬ ಹದಿಹರೆಯದ ಹುಡುಗರು ಚಾಮರಾಜಪೇಟೆಯಲ್ಲಿ ರಾಮನವಮಿಯ ಉತ್ಸವವನ್ನು ಆರಂಭಿಸಿದರು. ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಗರು ಪಾನಕ ಕೋಸಂಬರಿ ಹಂಚಿ ಸುಮ್ಮನಾಗುವುದುಂಟು, ಇವರು ಸುಮ್ಮನಾಗಲಿಲ್ಲ. ಆ ಶ್ರೀರಾಮಸೇವಾ ಮಂಡಲಿಯ ಉತ್ಸವವು ವರ್ಷದಿಂದ ವರ್ಷಕ್ಕೆ ಬೆಳೆದು, ಒಂದು ತಿಂಗಳಿನಷ್ಟು ದೀರ್ಘವಾದ ಸಂಗೀತೋತ್ಸವವಾಗಿ, ಕೋಟೆ ಹೈಸ್ಕೂಲಿನ ಮೈದಾನದಲ್ಲಿ ನೆಲೆ ನಿಂತಿತು. ೧೯೦೭ರ ಆ ಶಾಲೆಯ ಕಟ್ಟಡದ ಸುತ್ತ ಏನುಂಟು, ಏನಿಲ್ಲ? ಒಂದು ಕಡೆ ಟೀಪುವಿನ ಅರಮನೆ ಮತ್ತು ಕೋಟೆಯ ಅಳಿದುಳಿದ ಗೋಡೆ, ಅತ್ತ ಕೃಷ್ಣರಾಜ ಮಾರುಕಟ್ಟೆ, ಇತ್ತ ವಿಕ್ಟೋರಿಯಾ ಆಸ್ಪತ್ರೆ, ಕೂಗಳತೆಯಲ್ಲಿ ಕಲಾಸಿಪಾಳ್ಯದ ಬಸ್ಸುಗಳ ಗದ್ದಲ. ನಾದೋಪಾಸನೆಗೆ ಇದಕ್ಕಿಂತ ಅಯೋಗ್ಯವಾದ ಸ್ಥಳವನ್ನು ಹುಡುಕಿದರೂ ಸಿಕ್ಕುವುದು ಕಷ್ಟ. ಆದರೂ ಎಂ. ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ್ದು ಇಲ್ಲಿಯೇ. ಸೆಮ್ಮಂಗುಡಿ ಶ್ರೀನಿವಾಸ ಅಯ್ಯರ್ ಹಾಡಿದ್ದು ಇಲ್ಲಿಯೇ. ಉತ್ತರದಿಂದ ಬಂದ ಬಡೇ ಗುಲಾಂ ಅಲಿ ಖಾನರ ಕಂಠ ಮೊಳಗಿದ್ದೂ ರಾಮನ ಹೆಸರಿನ ಈ ಚಪ್ಪರದಲ್ಲಿಯೇ.

ಚಪ್ಪರವೆಂದೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸಾವಿರಾರು ಜನ ಕೂಡುವ ಈ ಸಭಾಂಗಣಕ್ಕೆ ಅಸ್ತಿಭಾರವಿಲ್ಲ. ಯುಗಾದಿಯ ಹಿಂದುಮುಂದಿನ ದಿನಗಳಲ್ಲಿ ಮೈದಾನದಲ್ಲಿ ಗುಣಿ ತೋಡಿ ಕಂಬ ನೆಡುತ್ತಾರೆ, ಮೇಲೆ ಮಾಡು ಹೊದಿಸುತ್ತಾರೆ, ವೇದಿಕೆ ಕಟ್ಟಿ ಕುರ್ಚಿ ಹಾಕುತ್ತಾರೆ. ಉತ್ಸವ ಮುಗಿದೊಡನೆ ಎಲ್ಲವನ್ನೂ ಬಿಚ್ಚುತ್ತಾರೆ. ಹನ್ನೊಂದು ತಿಂಗಳು ಇಲ್ಲದೆ ಒಂದು ತಿಂಗಳು ಮಾತ್ರ ಇರುವ ಸಭಾಭವನ! ಇದಕ್ಕೆ ಸುಣ್ಣ ಬಳಿಯುವ ಖರ್ಚಿಲ್ಲ, ಸೋರುವ ತಾರಸಿಯ ಚಿಂತೆಯೂ ಇಲ್ಲ. ಆದರೆ ವರ್ಷಕ್ಕೊಮ್ಮೆ ಮೊದಲಿನಿಂದ ಕಟ್ಟಬೇಕು. ಎಂದರೆ ವರ್ಷಕ್ಕೊಮ್ಮೆ ಮೊದಲಿನಿಂದ ಹಣವನ್ನೂ ಕೂಡಿಸಬೇಕು. ಟಿಕೆಟ್ಟು ಕೊಳ್ಳುವವರು, ದೇಣಿಗೆ ಕೊಡುವವರು, ಜಾಹೀರಾತು ಕೊಡುವ ವರ್ತಕರು ಒಂದು ವರ್ಷ ಮುನಿಸಿಕೊಂಡರೆ ಕಂಬಗಳು ಏಳುವಂತಿಲ್ಲ.

ಇದರ ಗುಣವಿರುವುದು ಇದಕ್ಕೆ ಗೋಡೆಯಿಲ್ಲದಿರುವುದರಲ್ಲಿ. ಗೋಡೆಯಿದ್ದ ಕಡೆ ನಾದವು ಬಡಿದು ಮರಳುತ್ತದೆ. ೧೮೯೫ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು ಹೊಸದಾಗಿ ಕಟ್ಟಿಸಿದ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಗುಂಯ್‌ಗುಡುತ್ತಿತ್ತು. ಉಪಾಧ್ಯಾಯರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸೇಬಿನ್ ಎಂಬ ತರುಣ ಪ್ರಾಧ್ಯಾಪಕರು ಪಕ್ಕದ ನಾಟಕಶಾಲೆಯ ಮೆತ್ತೆಗಳನ್ನು ರಾತ್ರಿಯ ಹೊತ್ತು ಹೊತ್ತು ತಂದು ಅಲ್ಲಿ ಹರಡಿ, ಎಷ್ಟು ಮೆತ್ತೆ ಹಾಕಿದರೆ ಎಷ್ಟು ಗುಂಗು ಅಡಗುತ್ತದೆಂದು ಅಳೆದು, ಬೆಳಗಾಗುವುದರೊಳಗೆ ಹಿಂದಿರುಗಿಸುತ್ತಿದ್ದರು. ಒಬ್ಬ ಮನುಷ್ಯನ ದೇಹವು ಸುಮಾರು ಆರು ಮೆತ್ತೆಗಳಷ್ಟು ನಾದವನ್ನು ಹೀರಿಕೊಳ್ಳುತ್ತದೆಂದು ಅವರಿಗೆ ಕಂಡುಬಂದಿತು. ಖಾಲಿ ಸಭೆಯಲ್ಲಿ ಹಾಡುವುದಕ್ಕೂ ತುಂಬಿದ ಸಭೆಯಲ್ಲಿ ಹಾಡುವುದಕ್ಕೂ ಇರುವ ಅಂತರವು ವಿದ್ವಾಂಸರ ಭ್ರಮೆಯಲ್ಲವೆಂದು ಇದರಿಂದ ಸಿದ್ಧವಾಯಿತು. ಚಪ್ಪರಕ್ಕೆ ಈ ಮೆತ್ತೆಯ ಉಪದ್ವ್ಯಾಪವೇ ಇಲ್ಲ. ನಾದವು ಒಮ್ಮೆ ಕಿವಿ ಮುಟ್ಟಿ ಪಕ್ಕದಿಂದ ಹೊರಟುಹೋಗುತ್ತದೆ.

ಹೊರಟುಹೋದದ್ದು ಎಲ್ಲಿಗೆ ಹೋಯಿತು? ರಸ್ತೆಗೆ! ಚಪ್ಪರದ ನಿಜವಾದ ಕೊನೆಯ ಸಾಲು ರಸ್ತೆಯ ಅಂಚಿನಲ್ಲಿತ್ತು. ಟಿಕೆಟ್ಟಿಗೆ ಹಣವಿಲ್ಲದವರು, ಹಣವಿದ್ದರೂ ಟಿಕೆಟ್ಟು ಸಿಕ್ಕದವರು, ಸಂಗೀತದ ಹುಚ್ಚು ಹಿಡಿದ ವಿದ್ಯಾರ್ಥಿಗಳು ಹೊರಗಡೆ ವೃತ್ತಪತ್ರಿಕೆ ಹಾಸಿ ಕುಳಿತು, ಧ್ವನಿವರ್ಧಕದಿಂದ ಬಂದ ತೋಡಿ ಕಾಂಬೋಧಿಗಳನ್ನು ಕೇಳಿ ಮನೆಗೆ ಹೋದರು. ಈ ಸಾಲಿಗೆ ಸಂಖ್ಯೆಯಿಲ್ಲ, ರಸೀತಿಯಿಲ್ಲ. ಆದುದರಿಂದ ಯಾವ ವರದಿಯಲ್ಲಿಯೂ ಇದರ ಲೆಕ್ಕವಿಲ್ಲ. ಚೈತ್ರ ವೈಶಾಖಗಳ ಅಕಾಲದ ಮಳೆ ಬಂತೆಂದರೆ ಮಾತ್ರ ಪಾಡು ಬೇರೆ. ಮಾಡಿನ ಮೇಲೆ ಬೀಳುವ ಹನಿಗಳು ಮೃದಂಗದವರ ಲೆಕ್ಕಕ್ಕೆ ಸಿಕ್ಕದ ತಾಳ ಹಾಕುತ್ತಿದ್ದವು, ಹೊರಗಿನವರು ಒಳಗೆ ನುಗ್ಗುತ್ತಿದ್ದರು. ಅಂತಹ ಸಮಯದಲ್ಲಿ ಟಿಕೆಟ್ಟು ಕೇಳುವುದು ಮನುಷ್ಯತ್ವವಲ್ಲವಷ್ಟೆ?

ಚಪ್ಪರದಿಂದ ಕಾಲ್ನಡಿಗೆಯ ದೂರದಲ್ಲಿ ಗೋಡೆಯುಳ್ಳ ಸಭಾಭವನವೊಂದು ಅದಕ್ಕೆ ಮೊದಲೇ ಎದ್ದು ನಿಂತಿತ್ತು. ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿ ಪುರಭವನಕ್ಕೆ ೧೯೩೩ರ ಮಾರ್ಚ್ ೬ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದರು; ೧೯೩೫ರ ಸೆಪ್ಟೆಂಬರ್ ೧೧ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ಅದರ ಬಾಗಿಲು ತೆರೆದರು. ನಗರಸಭೆಯ ಅಧ್ಯಕ್ಷರಾಗಿದ್ದವರ ಹೆಸರು, ಸಾಲು ಸಾಲು ದಪ್ಪ ಕಂಬಗಳು, ಅಗಲವಾದ ಮೆಟ್ಟಿಲುಗಳು. ಊರಿಗೆ ಇದು ಭೂಷಣವೆಂಬುದರಲ್ಲಿ ಸಂದೇಹವಿಲ್ಲ. ಒಳಗೆ ೧೦೩೮ ಮಂದಿಗೆ ಸ್ಥಳವಿತ್ತು. ೧೯೯೦ರ ಜೀರ್ಣೋದ್ಧಾರದ ತರುವಾಯ ೮೧೦ಕ್ಕೆ ಇಳಿಯಿತು. ಆಸನಗಳು ಮೆತ್ತಗಾದುವು, ಇನ್ನೂರಕ್ಕೂ ಹೆಚ್ಚು ಜನ ಹೊರಗಾದರು. ಹೊರಗಿನ ಮೆಟ್ಟಿಲುಗಳು ಮಾತ್ರ ಎಂದೂ ಖಾಲಿಯಾಗಿರಲಿಲ್ಲ. ಒಳಗೆ ನಾಟಕ, ಸನ್ಮಾನ, ಪುಸ್ತಕ ಬಿಡುಗಡೆ ನಡೆಯುತ್ತಿದ್ದರೆ, ಹೊರಗೆ ಕಾರ್ಮಿಕರೂ ವಿದ್ಯಾರ್ಥಿಗಳೂ ಫಲಕ ಹಿಡಿದು ನಿಂತು ಊರಿಗೆ ತಮ್ಮ ಅಹವಾಲು ಹೇಳಿಕೊಳ್ಳುತ್ತಿದ್ದರು. ಭವನವನ್ನು ಬಾಡಿಗೆಗೆ ಹಿಡಿಯುವವರು ಕಡಿಮೆಯಾಗುತ್ತಾರೆಂದು ಹೇಳಿ ಅಂದಿನ ಮಹಾನಗರಪಾಲಿಕೆಯು ೨೦೨೦ರ ಫೆಬ್ರವರಿಯಲ್ಲಿ ಅಲ್ಲಿನ ಪ್ರತಿಭಟನೆಗಳಿಗೆ ನಿಷೇಧದ ನಿರ್ಣಯ ಮಾಡಿತು. ಬಾಡಿಗೆಯ ಲೆಕ್ಕ ಸರಿಯಿರಬಹುದು. ಮೆಟ್ಟಿಲುಗಳನ್ನು ಅಷ್ಟು ಅಗಲವಾಗಿ ಕಟ್ಟಿಸಿದವರು ಜನ ಅಲ್ಲಿ ನಿಲ್ಲಲಿ ಎಂದೇ ಕಟ್ಟಿಸಿರಬೇಕೆಂದು ಈ ಲೇಖಕನಿಗೆ ತೋರುತ್ತದೆ.

ಇನ್ನು ಚೌಡಯ್ಯನವರ ಹೆಸರಿನ ಮಂದಿರ. ಅವರು ೧೯೬೭ರಲ್ಲಿ ಕಾಲವಾದರು. ಸಂಗೀತಾಭಿಮಾನಿಗಳಾದ ಕೆ. ಕೆ. ಮೂರ್ತಿಯವರ ಹಟದಿಂದ, ಮಲ್ಲೇಶ್ವರದ ಮಗ್ಗುಲಿನ ವೈಯಾಲಿಕಾವಲಿನಲ್ಲಿ, ಏಳು ತಂತಿಯ ಪಿಟೀಲಿನ ಆಕಾರದಲ್ಲಿಯೇ ಒಂದು ಸಭಾಂಗಣವೆದ್ದು ೧೯೮೦ರ ನವೆಂಬರ್ ೧೪ರಂದು ತೆರೆಯಿತು. ತಂತಿ, ಕುದುರೆ, ಬಿರಡೆ, ಕಮಾನು ಎಲ್ಲವೂ ಕಟ್ಟಡದಲ್ಲಿಯೇ ಕಾಣುತ್ತವೆ. ಮಕ್ಕಳು ರಸ್ತೆಯಿಂದಲೇ ಗುರುತಿಸಿ ಕೂಗುತ್ತಾರೆ. ಸಾವಿರಕ್ಕೂ ಮಿಕ್ಕು ಆಸನಗಳು. ಹಿಂದೆ ಕುಳಿತವನಿಗಾಗಿ ತಂತಿ ಹೆಚ್ಚಿಸಿದ ಕಲಾವಿದನಿಗೆ ಊರು ಕೊಟ್ಟ ಗೌರವವು ವಾದ್ಯದ ರೂಪದಲ್ಲಿಯೇ ಇರುವುದು ಉಚಿತವಾಗಿದೆ.

ಇಷ್ಟೆಲ್ಲ ಕಟ್ಟಡಗಳಿಗೆ ಹಣ ಕೊಡುವವರು ಯಾರು ಎಂಬ ಪ್ರಶ್ನೆಗೆ ಲೋಕದಲ್ಲಿ ಬಗೆಬಗೆಯ ಉತ್ತರಗಳಿವೆ. ನಮ್ಮಲ್ಲಿ ಪುರಭವನವನ್ನು ಕಟ್ಟಿದ್ದು ನಗರಸಭೆ. ರವೀಂದ್ರ ಕಲಾಕ್ಷೇತ್ರವನ್ನು ಕಟ್ಟಿದ್ದು ಸರ್ಕಾರ. ಪಿಟೀಲಿನ ಮಂದಿರವನ್ನು ಕಟ್ಟಿದ್ದು ಅಭಿಮಾನಿಗಳ ಸಂಸ್ಥೆ. ಅಮೆರಿಕದಲ್ಲಿ ಜೂಜು ಕಟ್ಟಿದೆ! ಲಾಸ್ ವೇಗಾಸ್ ನಗರದ ಜೂಜಿನ ವಿಹಾರಧಾಮವೊಂದು ೧೯೯೩ರ ಕಡೆಯ ರಾತ್ರಿ ಬಾರ್ಬ್ರಾ ಸ್ಟ್ರೈಸೆಂಡ್ ಎಂಬ ಖ್ಯಾತ ಗಾಯಕಿಯ ಕಚೇರಿಯೊಡನೆ ತನ್ನ ಒಳಾಂಗಣ ಅಖಾಡವನ್ನು ತೆರೆಯಿತು. ೧೯೯೭ರ ಜೂನಿನಲ್ಲಿ ಮುಷ್ಟಿಮಲ್ಲ ಟೈಸನ್ ತನ್ನ ಎದುರಾಳಿ ಹೋಲಿಫೀಲ್ಡನ ಕಿವಿ ಕಚ್ಚಿದ್ದೂ ಅದೇ ಅಖಾಡದಲ್ಲಿ. ಕನೆಕ್ಟಿಕಟ್ ಪ್ರಾಂತದ ಮೊಹಿಗನ್ ಎಂಬ ಮೂಲನಿವಾಸಿ ಜನಾಂಗದವರು ೧೯೯೬ರಲ್ಲಿ ಜೂಜಿನ ಧಾಮವನ್ನು ತೆರೆದು, ೨೦೦೧ರಲ್ಲಿ ಅದರೊಳಗೆ ಹತ್ತು ಸಾವಿರ ಜನರ ಅಖಾಡವನ್ನು ಕಟ್ಟಿಸಿದರು. ೨೦೦೩ರಲ್ಲಿ ಮಹಿಳೆಯರ ಬ್ಯಾಸ್ಕೆಟ್‌ಬಾಲ್ ತಂಡವೊಂದನ್ನು ಕೊಂಡು ಅಲ್ಲಿ ಆಡಿಸಿದರು. ಅಂತಹ ಧಾಮಗಳ ಲೆಕ್ಕಾಚಾರ ಸರಳವಾದುದು. ಅಖಾಡದಲ್ಲಿ ನಷ್ಟವಾದರೂ ಚಿಂತೆಯಿಲ್ಲ. ಆಟ ಮುಗಿಸಿ ಹೊರಬರುವ ದಾರಿಯಲ್ಲಿ ಜೂಜಿನ ಮೇಜುಗಳಿವೆ. ಕಳೆದುಕೊಂಡ ಭೂಮಿಕಾಣಿಯ ನಡುವೆ ಒಂದು ಜನಾಂಗವು ಅದೇ ಹಣದಿಂದ ಮಕ್ಕಳ ವಿದ್ಯೆ, ವೃದ್ಧರ ಆರೈಕೆ ನಡೆಸುವುದಾದರೆ ದೂರದಲ್ಲಿರುವ ನಾವು ಧರ್ಮರಾಯನ ಪಗಡೆಯನ್ನು ನೆನಪಿಸಿ ಹಂಗಿಸಬೇಕಾಗಿಲ್ಲ. ಆದರೆ ಅಂತಹ ಅಖಾಡಕ್ಕೆ ರಸ್ತೆಯ ಸಾಲು ಇರಲಾರದು. ಅಲ್ಲಿನ ಗೋಡೆಗಳು ನಾದವನ್ನಷ್ಟೇ ಅಲ್ಲ, ಪ್ರೇಕ್ಷಕನನ್ನೂ ಹಿಡಿದಿಡಲು ಎದ್ದವು.

ನಮ್ಮ ರಸ್ತೆಯ ಸಾಲಿಗೂ ಈಗ ಸಂಕಟ ಬಂದಿದೆ. ೨೦೦೦ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಸಭಾಂಗಣದಂತಹ ಮುಚ್ಚಿದ ಆವರಣಗಳಿಗೆ ವಿನಾಯಿತಿಯುಂಟು, ಬಯಲಿಗಿಲ್ಲ. ಹಬ್ಬ ಉತ್ಸವಗಳಿಗೆ ಸರ್ಕಾರವು ನಡುರಾತ್ರಿಯವರೆಗೆ ಅನುಮತಿ ಕೊಡಬಹುದಾದರೂ ವರ್ಷಕ್ಕೆ ಹದಿನೈದು ದಿನಗಳನ್ನು ಮೀರುವಂತಿಲ್ಲ. ತಿಂಗಳ ಉತ್ಸವ ಹದಿನೈದು ದಿನಗಳಲ್ಲಿ ಹೇಗೆ ಅಡಗೀತು? ಆಸ್ಪತ್ರೆಯ ರೋಗಿ, ಪರೀಕ್ಷೆಗೆ ಓದುವ ಹುಡುಗಿ, ಬೆಳಗಿನ ಪಾಳಿಗೆ ಏಳಬೇಕಾದ ಕೆಲಸಗಾರ, ಇವರ ನಿದ್ದೆಗೆ ಕಾನೂನು ಕಾವಲು ನಿಂತದ್ದು ನ್ಯಾಯವೇ. ಆದರೆ ಅದರ ಫಲವೆಂದರೆ, ರಾಗ ತಾನ ಪಲ್ಲವಿಯನ್ನು ಬೆಳಗಿನ ಜಾವದವರೆಗೆ ಎಳೆಯಬೇಕೆಂದವರಿಗೆ ಗೋಡೆ ಬೇಕು. ಗೋಡೆಯಿಲ್ಲದ ಚಪ್ಪರದಲ್ಲಿ ಹಾಡುವವರು ಗಡಿಯಾರದ ಕಡೆಗೊಂದು ಕಣ್ಣಿಟ್ಟೇ ತನಿ ಆವರ್ತನ ಬಿಡಬೇಕು. ಇತ್ತ ರಸ್ತೆಯ ಅಂಚಿನಲ್ಲಿ ಪತ್ರಿಕೆ ಹಾಸುವ ಎಡೆಯನ್ನು ಆಟೋಗಳೂ ಸ್ಕೂಟರುಗಳೂ ಹಿಡಿದಿವೆ. ಕುಳಿತರೂ ಕೇಳಿಸುವುದು ಹಾರನ್ನಿನ ಶ್ರುತಿಯೇ ಹೆಚ್ಚು.

೨೦೨೦ರ ರಾಮನವಮಿ ಏಪ್ರಿಲ್ ೨ರಂದು ಬಂದಿತು. ದೇಶವೇ ಬಾಗಿಲು ಹಾಕಿಕೊಂಡಿದ್ದ ಆ ದಿನಗಳಲ್ಲಿ ಕೋಟೆ ಹೈಸ್ಕೂಲಿನ ಮೈದಾನ ಬರಿದಾಗಿ ಬಿದ್ದಿತ್ತು. ಮುಂದೆ ಕಂಬಗಳು ಮತ್ತೆ ಎದ್ದವು. ನಾರಾಯಣಸ್ವಾಮಿರಾಯರ ಅನಂತರ ಅವರ ಮನೆಯವರು ಕೆಲಸವನ್ನು ಕೈಗೆತ್ತಿಕೊಂಡು ನಡೆಸಿಕೊಂಡು ಬಂದಿದ್ದಾರೆ. ಈಗ ಕಚೇರಿಗಳನ್ನು ಅಂತರ್ಜಾಲದ ಮೂಲಕವೂ ಕೇಳಬಹುದಾದುದರಿಂದ ರಸ್ತೆಯ ಸಾಲಿನ ಒಂದು ತುದಿ ಕಡಲಾಚೆಗೂ ಚಾಚಿದೆ. ಹೊರದೇಶದಲ್ಲಿರುವ ಮಗಳು ಫೋನಿನಲ್ಲಿ ಕಛೇರಿ ಕೇಳುತ್ತ, ಚಾಮರಾಜಪೇಟೆಯಲ್ಲಿರುವ ತಾಯಿಗೆ, “ಅಮ್ಮಾ, ಅಲ್ಲಿ ಮಳೆ ಬರ್ತಿದೆಯೇನೇ? ಏನೋ ಪಟಪಟ ಅಂತ ಕೇಳಿಸ್ತಿದೆ” ಎಂದು ಕೇಳುವ ಕಾಲವಿದು.

ಮಂಗಳ ಹಾಡಿದ ಮರುದಿನ ಆಳುಗಳು ಬಂದು ಮಾಡು ಇಳಿಸುತ್ತಾರೆ, ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಅಡಕಿ ಗಾಡಿಗೆ ಏರಿಸುತ್ತಾರೆ. ಗುಣಿಗಳಿಗೆ ಮಣ್ಣು ಬಿದ್ದು ಎರಡು ದಿನವಾಗುವುದರೊಳಗೆ ಹುಡುಗರು ಅಲ್ಲಿ ಚೆಂಡು ದಾಂಡುಗಳೊಡನೆ ಹಾಜರಿರುತ್ತಾರೆ.