ಸಿಗಡಿ ಬಿಗಿಯುವುದೇಕೆ?

ಪ್ರಶ್ನೆ: ಎಷ್ಟು ಹೊತ್ತು ಬೇಯಿಸಿದರೂ ಸಿಗಡಿ ಮೃದುವಾಗದು. ಕಾರಣವೇನು? (ಹೊಳೆನರಸೀಪುರದ ಓದುಗರು)

ಉತ್ತರ: ಅತಿಯಾದ ಪಾಕವೇ ಕಾರಣ. ಹೇಮಾವತಿಯ ಮೀನನ್ನು ಹುಳಿಯಲ್ಲಿ ಸಾವಧಾನವಾಗಿ ಕುದಿಸಿ ರೂಢಿಯಾದ ನಮ್ಮ ಸೀಮೆಯಲ್ಲಿ, ಮಂಜುಗಡ್ಡೆಯಲ್ಲಿ ಹುದುಗಿ ಶಿರಾಡಿ ಘಟ್ಟವನ್ನೇರಿ ಬರುವ ಕಡಲ ಸಿಗಡಿಗೂ ಅದೇ ಕ್ರಮವನ್ನು ಅನುಸರಿಸುವುದುಂಟು. ಆದರೆ ಅದರ ಮಾಂಸದ ಸಸಾರಜನಕಗಳು ಶೀಘ್ರವೇ ಸಂಕುಚಿತವಾಗಿ, ತಾಪ ಮುಂದುವರಿದಂತೆಲ್ಲ ಒಳಗಿನ ನೀರನ್ನು ಹೊರದೂಡಿ ರಬ್ಬರಿನಂತೆ ಬಿಗಿಯುವುವು. ಆದುದರಿಂದ ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಬೆಳ್ಳುಳ್ಳಿಗಳನ್ನರೆದ ಮಸಾಲೆಯನ್ನು ಎಣ್ಣೆ ಬಿಡುವವರೆಗೆ ಹುರಿದು, ಹುಣಸೆಯ ರಸವನ್ನು ಅದರೊಡನೆಯೇ ಕುದಿಸಿ ಗಟ್ಟಿಮಾಡಿ, ಬೆನ್ನಿನ ಕಪ್ಪು ನಾಳವನ್ನು ತೆಗೆದ ಸಿಗಡಿಯನ್ನು ಕಡೆಗೆ ಹಾಕಿ, ಬೂದುಬಣ್ಣವಳಿದು ಕೆಂಪೇರಿ ಅರ್ಧಚಂದ್ರಾಕಾರಕ್ಕೆ ಬಾಗಿದೊಡನೆ, ಎಂದರೆ 3-4 ನಿಮಿಷಗಳಲ್ಲಿ, ಒಲೆಯಿಂದ ಇಳಿಸತಕ್ಕದ್ದು. ಪೂರ್ಣ ಸುರುಳಿಯಾದರೆ ಪಾಕ ಮೀರಿತೆಂದು ತಿಳಿಯಿರಿ. ರಾಗಿಮುದ್ದೆಯನ್ನು ಮೊದಲೇ ಕಟ್ಟಿಟ್ಟುಕೊಳ್ಳಿರಿ, ಸಿಗಡಿ ಕಾಯುವುದಿಲ್ಲ.